ಮರವಂತೆಯಲ್ಲಿ ಒಂದ್ಸಲ ಹಿಂದೆ ತಿರುಗಿ

ನಮ್ಮ ಕ್ಯಾಂಪಸ್‌ನಲ್ಲಿ ಯಾರ ಇನ್‌ಸ್ಟಾ ತೆರೆದ್ರೂ ಒಂದು ಮರವಂತೆ ಸೂರ್ಯಾಸ್ತ ಇದ್ದೇ ಇರತ್ತೆ. ಡಿಸೆಂಬರ್ ಇಲ್ಲಾ ಜನವರಿ, ಸಂಜೆ ಆರು ಗಂಟೆ, ಕಿತ್ತಳೆ ಬಣ್ಣದ ಆಕಾಶ, ಕೈ ಅಗಲಿಸಿ ನಿಂತ ಗೆಳೆಯನ ಕಪ್ಪು ಆಕಾರ. ಹತ್ತು ಜನರ ಹತ್ತು ಫೋಟೋ ಪಕ್ಕಪಕ್ಕ ಇಟ್ಟರೆ ಗೆಳೆಯ ಮಾತ್ರ ಬೇರೆ, ಉಳಿದದ್ದೆಲ್ಲ ಒಂದೇ. ಅದು ಮರವಂತೆಯೋ, ಮಲ್ಪೆಯೋ, ಗೋಕರ್ಣವೋ ಅಂತ ಫೋಟೋ ನೋಡಿ ಹೇಳೋಕೂ ಆಗಲ್ಲ. ಲೊಕೇಶನ್ ಟ್ಯಾಗ್ ಓದಬೇಕು.

ಹಾಗಂತ ಫೋಟೋ ತೆಗೀಬೇಡಿ ಅಂತ ಬುದ್ಧಿ ಹೇಳೋಕೆ ಬಂದಿಲ್ಲ. ಇನ್ನೂ ಜಾಸ್ತಿ ತೆಗೀರಿ ಅಂತಾನೇ ಹೇಳ್ತಿದ್ದೀನಿ. ಆದ್ರೆ ಒಂದೇ ಜಾಗದಲ್ಲಿ ನಿಂತು, ಒಂದೇ ಚೌಕಟ್ಟಲ್ಲಿ, ವರ್ಷದ ಹನ್ನೆರಡು ತಿಂಗಳೂ ತೆಗೀರಿ. ಮಳೆಗಾಲ ಬಿಡಬೇಡಿ. ಕಡಲಿನ ಜೊತೆ ಬೆಟ್ಟವನ್ನೂ ಬಿಡಬೇಡಿ. ನಾಲ್ಕು ವರ್ಷ ಒಂದೇ ಊರಲ್ಲಿ ಇರೋ, ಕೈಯಲ್ಲಿ ಒಳ್ಳೇ ಫೋನ್ ಇರೋ, ಲೆಕ್ಕ ಬರೋ ನಮ್ಮಂಥವರು ಈ ಕೆಲಸ ಮಾಡದಿದ್ರೆ ಇನ್ಯಾರೂ ಮಾಡಲ್ಲ ಅನ್ನೋದು ನನ್ನ ವಾದ.

ಮೊದಲು ಬೆಟ್ಟದ ವಿಷಯ. ಮರವಂತೆ ನೋಡಿದವರಿಗೆ ಗೊತ್ತು, ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಹೊಳೆಯ ಆಚೆ ತೆಂಗಿನ ತೋಟ, ಅದರ ಹಿಂದೆ ಗುಡ್ಡಗಳ ಸಾಲು, ಎಲ್ಲಕ್ಕಿಂತ ಹಿಂದೆ ಈಶಾನ್ಯಕ್ಕೆ ಕೊಡಚಾದ್ರಿ. ಎತ್ತರ 1343 ಮೀಟರ್. ಸೌಪರ್ಣಿಕಾ ಹುಟ್ಟೋದು ಆ ಕಡೆಯ ಬೆಟ್ಟಗಳಲ್ಲೇ. ಕೊಲ್ಲೂರು ದಾಟಿ ಕೆಳಗಿಳಿದು, ಮರವಂತೆ ಹತ್ರ ಇನ್ನೇನು ಕಡಲಿಗೆ ಸೇರಿಯೇ ಬಿಡ್ತು ಅನ್ನುವಾಗ ತಿರುಗಿಕೊಂಡು, ಇನ್ನೂ ಸುಮಾರು ಹತ್ತು ಕಿಲೋಮೀಟರ್ ಹರಿದು ಗಂಗೊಳ್ಳಿ ಕಡೆ ಹೋಗಿ ಸಮುದ್ರ ಸೇರತ್ತೆ. ಅಂದ್ರೆ ಬೆಟ್ಟ, ಹೊಳೆ, ಕಡಲು ಮೂರೂ ಒಂದೇ ಕಥೆ. ನಾವು ಮೂರನೇ ಪಾತ್ರವನ್ನು ಮಾತ್ರ ಫೋಟೋ ಹಿಡಿದು ಬಸ್ ಹತ್ತತೀವಿ.

ತಮಾಷೆ ಏನಂದ್ರೆ, ಸಂಜೆ ಬೆಳಕು ಬೀಳೋದು ಬೆಟ್ಟದ ಮೇಲೆ. ಸೂರ್ಯ ಪಶ್ಚಿಮಕ್ಕಿದ್ದಾನೆ, ಬೆಟ್ಟ ಪೂರ್ವದ ಕಡೆ ಇದೆ, ನಾಲ್ಕೂವರೆಯಿಂದ ಆರರವರೆಗೆ ಪೂರ್ತಿ ಬೆಳಕು ಅದರ ಮುಖಕ್ಕೆ. ಒಂದೊಂದು ಮಡಿಕೆ, ಒಂದೊಂದು ಕಣಿವೆ ಎದ್ದು ಕಾಣತ್ತೆ. ಸರಿಯಾಗಿ ಆಗಲೇ ಬೀಚಲ್ಲಿರೋ ಅಷ್ಟೂ ಜನ ಬೆಟ್ಟಕ್ಕೆ ಬೆನ್ನು ಹಾಕಿ ಕಡಲ ಕಡೆ ಫೋನ್ ಎತ್ತಿರ್ತಾರೆ. ಬೆಳಗ್ಗೆ ಇದರ ಉಲ್ಟಾ. ಸೂರ್ಯ ಘಟ್ಟದ ಹಿಂದಿಂದ ಬರ್ತಾನೆ, ಬೆಟ್ಟ ಬರೀ ಕಪ್ಪು ಗೆರೆ, ಬೆಳಕೆಲ್ಲ ಕಡಲಿಗೆ, ದೋಣಿಗಳಿಗೆ. ಹಾಗಾಗಿ ಕಡಲಿಗೆ ಬೆಳಗ್ಗೆ, ಬೆಟ್ಟಕ್ಕೆ ಸಂಜೆ. ನಾವು ಸರಿಯಾಗಿ ತಿರುಗಾಮುರುಗಾ ಮಾಡ್ತೀವಿ.

ಕೆಲವರು ತಿರುಗಿ ತೆಗೆದು ನೋಡಿ, “ಮಗಾ, ಬೆಟ್ಟ ಬರ್ತಾನೇ ಇಲ್ಲ, ಕಣ್ಣಿಗೆ ಅಷ್ಟು ದೊಡ್ಡದಾಗಿ ಕಾಣತ್ತೆ, ಫೋಟೋದಲ್ಲಿ ಇರುವೆ ಗೂಡು” ಅಂತಾರೆ. ಇದಕ್ಕೆ ಉತ್ತರ ಫಸ್ಟ್ ಇಯರ್ ಲೆಕ್ಕದಲ್ಲೇ ಇದೆ. ಮರವಂತೆಯಿಂದ ಕೊಡಚಾದ್ರಿಗೆ ನೇರ ಗೆರೆ ಎಳೆದರೆ ಸುಮಾರು 30 ಕಿಲೋಮೀಟರ್. 1343 ಮೀಟರ್ ಎತ್ತರ ಅಷ್ಟು ದೂರದಲ್ಲಿ ಮಾಡೋ ಕೋನ ಎರಡೂವರೆ ಡಿಗ್ರಿ ಅಷ್ಟೇ. ಫೋನಿನ ಮುಖ್ಯ ಕ್ಯಾಮೆರಾ ಅಡ್ಡ ಹಿಡಿದಾಗ ಮೇಲಿಂದ ಕೆಳಗೆ ಐವತ್ತು ಡಿಗ್ರಿಗಿಂತ ಜಾಸ್ತಿ ನೋಡತ್ತೆ. 4000 × 3000 ಪಿಕ್ಸೆಲ್ ಫೋಟೋದಲ್ಲಿ ಬೆಟ್ಟಕ್ಕೆ ಸಿಗೋ ಎತ್ತರ ಹೆಚ್ಚೆಂದ್ರೆ 120–130 ಪಿಕ್ಸೆಲ್. ಕಣ್ಣು ಅದೊಂದನ್ನೇ ಹಿಡಿದು ನೋಡತ್ತೆ, ಲೆನ್ಸ್ ಎಲ್ಲವನ್ನೂ ಸಮ ನೋಡತ್ತೆ. ಅದಕ್ಕೇ ಬೆಟ್ಟಕ್ಕೆ ಅಗಲದ ಲೆನ್ಸ್ ಬೇಡ. ಫೋನಲ್ಲಿ ಟೆಲಿಫೋಟೋ ಲೆನ್ಸ್ ಇದ್ರೆ ಅದನ್ನೇ ಹಾಕಿ. ಇಲ್ದಿದ್ರೂ ಪರವಾಗಿಲ್ಲ, 120 ಪಿಕ್ಸೆಲ್‌ನಲ್ಲೂ ಋತು ಕಾಣತ್ತೆ.

ಋತು ಅಂದಾಗ ಒಂದು ಮಾತು. ನಾನು ಬೆಂಗಳೂರಲ್ಲಿ ಇಂಗ್ಲಿಷ್ ಮೀಡಿಯಂ ಓದಿದವನು. ನಮ್ಮ ಪ್ರೈಮರಿ ಸ್ಕೂಲ್ ಗೋಡೆ ಮೇಲೆ ಒಂದು ಚಾರ್ಟ್ ಇತ್ತು. ಸ್ಪ್ರಿಂಗ್, ಸಮ್ಮರ್, ಆಟಮ್, ವಿಂಟರ್. ವಿಂಟರ್‌ಗೆ ಹಿಮದ ಮನುಷ್ಯ, ಆಟಮ್‌ಗೆ ಕೆಂಪು ಎಲೆ. ಮಳೆಗಾಲಕ್ಕೆ ಆ ಚಾರ್ಟಲ್ಲಿ ಜಾಗವೇ ಇರಲಿಲ್ಲ! ಇಲ್ಲಿ ಬಂದ ಮೇಲೆ ಹಾಸ್ಟೆಲ್ ಮೆಸ್ ಗೋಡೆಯ ಕ್ಯಾಲೆಂಡರ್ ನೋಡಿದೆ. ಮೃಗಶಿರಾ ಮಳೆ, ಆರಿದ್ರಾ ಮಳೆ, ಪುನರ್ವಸು ಮಳೆ, ಪುಷ್ಯ ಮಳೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿರೋ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಹೆಸರು. ಜೂನ್ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದೊಳಗೆ ನಾಲ್ಕು ಬೇರೆ ಬೇರೆ ಮಳೆ. ನಮಗೆ ಅದೆಲ್ಲ ಒಂದೇ “ರೇನಿ ಸೀಸನ್”, ರೂಮಲ್ಲಿ ಬಟ್ಟೆ ಒಣಗಲ್ಲ ಅನ್ನೋ ಸೀಸನ್. ಫೋಟೋ ತೆಗೆಯೋಕೆ ಶುರು ಮಾಡಿದ ಮೇಲೆ ಹೇಳ್ತಿದ್ದೀನಿ, ಹದಿನಾಲ್ಕು ದಿನದ ಆ ಲೆಕ್ಕವೇ ಸರಿ. ತಿಂಗಳಿಗೊಂದು ಫೋಟೋ ಮಳೆಗಾಲಕ್ಕೆ ಸಾಲಲ್ಲ.

ಫಸ್ಟ್ ಇಯರ್ ಸೆಪ್ಟೆಂಬರ್‌ನಿಂದ ನಾನು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಎರಡು ಸಲ, ಅಲ್ಲಿಗೆ ಹೋಗಿ ಬರ್ತಿದ್ದೀನಿ. ಬೀಚ್ ಬದಿಯ ತಡೆಗೋಡೆ ಹತ್ರ ಒಂದು ಜಾಗ ಗುರುತು ಮಾಡ್ಕೊಂಡಿದ್ದೀನಿ. ಅಲ್ಲಿಂದ ಎರಡೇ ಫೋಟೋ. ಒಂದು ತೀರದ ಉದ್ದಕ್ಕೆ, ಇನ್ನೊಂದು ಹಿಂದೆ ತಿರುಗಿ ಹೊಳೆ ಮತ್ತು ಬೆಟ್ಟಕ್ಕೆ. ಈಗ ಲ್ಯಾಪ್‌ಟಾಪಲ್ಲಿ ಒಂದರ ಮೇಲೊಂದು ಇಟ್ಟು ಸರಸರ ಓಡಿಸಿದ್ರೆ ವಿಚಿತ್ರ ಅನ್ನಿಸತ್ತೆ. ಬೆಟ್ಟ ಉಸಿರಾಡೋ ಥರ ಬರತ್ತೆ, ಹೋಗತ್ತೆ.

ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಬೆಟ್ಟ ಅತಿ ಹತ್ತಿರ. ಮೂರು ತಿಂಗಳು ಮಳೆ ಗಾಳಿಯನ್ನು ತೊಳೆದಿರತ್ತೆ, ಧೂಳಿಲ್ಲ, ಹೊಗೆ ಇಲ್ಲ. ತುದಿಯ ಗೆರೆ ಬ್ಲೇಡಲ್ಲಿ ಕೊಯ್ದ ಹಾಗೆ. ನವೆಂಬರ್ ದಾಟಿದ ಮೇಲೆ ಮಬ್ಬು ಶುರು. ನಾವೆಲ್ಲ “ಸೀಸನ್” ಅನ್ನೋ ಡಿಸೆಂಬರ್–ಜನವರಿಯಲ್ಲಿ ಬೆಟ್ಟ ಒಂದು ತೆಳು ನೀಲಿ ಕಲೆ. ಮಾರ್ಚ್, ಏಪ್ರಿಲ್‌ನಲ್ಲಿ ಎಷ್ಟೋ ದಿನ ಬೆಟ್ಟವೇ ಇಲ್ಲ, 30 ಕಿಲೋಮೀಟರ್ ಗಾಳಿಯಲ್ಲಿರೋ ತೇವ, ಧೂಳು, ಹೊಗೆ ಸೇರಿ ಬಿಳಿ ಪರದೆ. ಮೇ ತಿಂಗಳ ಒಂದು ಸಂಜೆ ಗುಡುಗು ಮಳೆ ಬಂದು ನಿಂತ ಕೂಡಲೇ ಇದ್ದಕ್ಕಿದ್ದ ಹಾಗೆ ವಾಪಸ್ ಬರತ್ತೆ. ಆಮೇಲೆ ಜೂನ್. ಮೋಡ ಅರ್ಧ ಬೆಟ್ಟಕ್ಕೆ ಇಳಿದಿರತ್ತೆ, ಹೊಳೆಯ ಬಣ್ಣ ಹಸಿರಿನಿಂದ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿರತ್ತೆ. ಬೆಟ್ಟ ಕಾಣದೇ ಇದ್ರೂ ಬೆಟ್ಟದ ಮಣ್ಣು ಕಣ್ಣೆದುರೇ ಹರಿದು ಹೋಗ್ತಾ ಇರತ್ತೆ. ಆ ಫೋಟೋದಲ್ಲಿ ಕೊಡಚಾದ್ರಿ ಎಲ್ಲಿದೆ ಅಂತ ಯಾರಾದ್ರೂ ಕೇಳಿದ್ರೆ ನಾನು ಹೊಳೆ ತೋರಿಸ್ತೀನಿ.

ಕಡಲಿನ ಕಡೆ ಫೋಟೋಗಳಲ್ಲಿ ಸೂರ್ಯನೂ ಓಡಾಡ್ತಾನೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗೋ ದಿಕ್ಕು ಡಿಸೆಂಬರ್‌ಗೂ ಜೂನ್‌ಗೂ ನಡುವೆ ಸುಮಾರು 48 ಡಿಗ್ರಿ ಸರಿಯತ್ತೆ. ಡಿಸೆಂಬರ್‌ನಲ್ಲಿ ಎಡಕ್ಕೆ ಗಂಗೊಳ್ಳಿ ಕಡೆ, ಜೂನ್‌ನಲ್ಲಿ ಬಲಕ್ಕೆ ಬೈಂದೂರು ಕಡೆ. ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಗೆ ದಿನಕ್ಕೆ ಹತ್ತಿರ ಹತ್ತಿರ ತನ್ನ ಅಗಲದಷ್ಟೇ ಸರಿತಾನೆ. ಡಿಸೆಂಬರ್ ಸೂರ್ಯಾಸ್ತ ಮಾತ್ರ ಗೊತ್ತಿರೋರಿಗೆ ಇದು ಗೊತ್ತಾಗೋದೇ ಇಲ್ಲ. ಜೂನ್ ಸೂರ್ಯಾಸ್ತ ನನಗೂ ಸಿಕ್ಕಿಲ್ಲ ಬಿಡಿ. ಮೋಡ ಬಿಡಲ್ಲ.

ಇಷ್ಟು ಚಂದದ ವಿಷಯ. ಇನ್ನು ನಾನು ನಿಜಕ್ಕೂ ಹೇಳಬೇಕಾಗಿರೋದು ಮರಳಿನ ವಿಷಯ.

ಅದೇ ಜಾಗದಿಂದ ತೆಗೆದ ಜನವರಿ ಫೋಟೋದಲ್ಲಿ ತಡೆಗೋಡೆಯ ಬುಡದ ಕಲ್ಲುಗಳು ಮರಳಲ್ಲಿ ಹೂತಿವೆ, ಆಚೆ ಕ್ರಿಕೆಟ್ ಆಡುವಷ್ಟು ಬಯಲು. ಜುಲೈ ಫೋಟೋದಲ್ಲಿ ಬುಡದ ಕಲ್ಲೆಲ್ಲ ಬಯಲಾಗಿ, ಅಲೆ ಸೀದಾ ಕಲ್ಲಿಗೇ ಹೊಡೀತಿದೆ. ಈ ಎರಡು ಫೋಟೋ ಪಕ್ಕಪಕ್ಕ ಹಾಕಿ, ಮೇಲೆ “ಆರು ತಿಂಗಳಲ್ಲಿ ಮರವಂತೆ ಬೀಚ್ ಮಾಯ” ಅಂತ ಬರೆದು ವಾಟ್ಸಾಪ್‌ಗೆ ಬಿಟ್ರೆ ಒಂದು ಗಂಟೆಯಲ್ಲಿ ಜಿಲ್ಲೆಯೆಲ್ಲ ಓಡಾಡತ್ತೆ. ಮತ್ತು ಅದು ಸುಳ್ಳಾಗಿರತ್ತೆ. ಫೋಟೋ ಎರಡೂ ನಿಜವಾದ್ರೂ ಅವುಗಳಿಂದ ಹೊರಟ ಮಾತು ಸುಳ್ಳು. ಮಳೆಗಾಲದ ದೊಡ್ಡ ಅಲೆಗಳು ದಡದ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರ ನೀರೊಳಗೆ ದಿಬ್ಬ ಮಾಡಿ ಇಡತ್ತವೆ. ಅಕ್ಟೋಬರ್ ಆದ ಮೇಲೆ ಸಣ್ಣ, ಉದ್ದನೆಯ ಅಲೆಗಳು ಅದೇ ಮರಳನ್ನು ನಿಧಾನಕ್ಕೆ ತಂದು ಹಾಕತ್ತವೆ. ನಮ್ಮ ಪಶ್ಚಿಮ ಕರಾವಳಿಯ ಬೀಚುಗಳು ವರ್ಷಾ ವರ್ಷ ಹೀಗೆ ಹೋಗಿ ಬರೋ ಬೀಚುಗಳು. ಜುಲೈಯಲ್ಲಿ ಹೋದದ್ದು ಜನವರಿಗೆ ಬಂದಿದೆಯಾ, ಬಂದಿದ್ರೆ ಪೂರ್ತಿ ಬಂದಿದೆಯಾ, ಹೋದ ವರ್ಷದಷ್ಟು ಬಂದಿದೆಯಾ ಅನ್ನೋದು ಕೇಳಬೇಕಾದ ಪ್ರಶ್ನೆ.

ಆ ಪ್ರಶ್ನೆಗೆ ಒಂದು ಫೋಟೋ ಉತ್ತರ ಕೊಡಲ್ಲ, ಎರಡು ಫೋಟೋನೂ ಕೊಡಲ್ಲ. ಜನವರಿಗೆ ಜನವರಿ, ಜುಲೈಗೆ ಜುಲೈ ಇಟ್ಟು ನೋಡಬೇಕು, ಅದೂ ಸುಮಾರು ವರ್ಷ. ನನ್ನ ಹತ್ರ ಈಗ ಇರೋದು ಎರಡು ಸೆಪ್ಟೆಂಬರ್, ಎರಡು ಅಕ್ಟೋಬರ್. ಇದರಿಂದ ಏನಾದ್ರೂ ತೀರ್ಮಾನ ಹೇಳಿದ್ರೆ ಲ್ಯಾಬಲ್ಲಿ ಎರಡು ರೀಡಿಂಗ್ ತಗೊಂಡು ಗ್ರಾಫ್ ಎಳೆದ ಹಾಗೆ. ಎರಡು ಬಿಂದುವಿನ ಮೇಲೆ ಯಾವ ಗೆರೆ ಬೇಕಾದ್ರೂ ಸರಿಯಾಗಿ ಕೂರತ್ತೆ, ಗೊತ್ತಲ್ಲ.

ಇದು ಬರೀ ಕುತೂಹಲದ ಲೆಕ್ಕ ಅಲ್ಲ. ಕಡಲ್ಕೊರೆತ ಅನ್ನೋ ಪದ ಇಲ್ಲಿ ಪ್ರತಿ ಮಳೆಗಾಲ ಪೇಪರಲ್ಲಿ ಬರತ್ತೆ. ಚೆನ್ನೈನಲ್ಲಿರೋ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಇಟ್ಟು ನೋಡಿದಾಗ ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಸಿಕ್ಕಿತ್ತು. ಮರವಂತೆಯಲ್ಲಿ ಕಡಲಿಗೂ ಹೊಳೆಗೂ ನಡುವೆ ಇರೋದು ಹೆದ್ದಾರಿಯಷ್ಟು ಅಗಲದ ನೆಲ. ಅದನ್ನು ಉಳಿಸಿಕೊಳ್ಳೋಕೆ ಕಲ್ಲಿನ ತಡೆಗೋಡೆ ಬಂತು, ಆಮೇಲೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ನೆರವಿನ ಯೋಜನೆಯಲ್ಲಿ ಕಡಲಿಗೆ ಕೈ ಚಾಚಿದ ಹಾಗೆ ಕಲ್ಲಿನ ಗ್ರೋಯ್ನ್‌ಗಳು ಬಂದವು. ಸಿವಿಲ್‌ನವರಿಗೆ ಗೊತ್ತಿರತ್ತೆ, ಗ್ರೋಯ್ನ್ ತೀರದ ಉದ್ದಕ್ಕೆ ಸಾಗೋ ಮರಳನ್ನು ಹಿಡಿದು ನಿಲ್ಲಿಸತ್ತೆ. ಮರಳು ಬರೋ ಬದಿಗೆ ಬೀಚ್ ಬೆಳೆಯತ್ತೆ, ಇನ್ನೊಂದು ಬದಿಗೆ ಸಿಗಬೇಕಾದ ಮರಳು ಸಿಗದೇ ಅಲ್ಲಿ ಕೊರೆಯೋ ಸಾಧ್ಯತೆ ಇರತ್ತೆ. ಕಟ್ಟಿದವರು ಅದನ್ನು ಲೆಕ್ಕ ಹಾಕಿಯೇ ಕಟ್ಟಿರ್ತಾರೆ. ಆದ್ರೆ ಲೆಕ್ಕ ಸರಿಯಾಯ್ತಾ ಅಂತ ಹತ್ತು ವರ್ಷ ಆದ ಮೇಲೆ ಹೇಳೋಕೆ ಏನಾದ್ರೂ ಪುರಾವೆ ಬೇಕಲ್ವಾ?

ನಾನು ಟೀ ಕುಡಿಯೋ ಅಂಗಡಿಯ ಅಮ್ಮನ ಹತ್ರ ಪುರಾವೆ ಇದೆ. ಅವರ ಮಗಳ ಮದುವೆ ಆಲ್ಬಮ್. ಅವರಿಗೆ ನನ್ನ ಫೋಟೋಗಳನ್ನ ತೋರಿಸ್ತಿದ್ದಾಗ ಅವರು ಕಡಲ ಕಡೆ ಕೈ ತೋರಿಸಿ, “ಕಾಣ್ ಮಗಾ, ಆ ಕಲ್ಲಿಂದ ಆಚಿಗೆ ನಮ್ ತೆಂಗಿನ ಮರ ಇದ್ದಿತ್” ಅಂದ್ರು. ನಾನು ನೋಡಿದ ಕಡೆ ನೀರು ಬಿಟ್ರೆ ಏನೂ ಇರಲಿಲ್ಲ. ಮುಂದಿನ ಸಲ ಹೋದಾಗ ಆಲ್ಬಮ್ ತಂದಿಟ್ಟಿದ್ರು. ಮದುಮಗಳು, ಮದುಮಗ, ಇಬ್ಬರ ಹಿಂದೆ ಫೋಕಸ್ ಇಲ್ಲದೆ ಮಸುಕಾಗಿ ಒಂದು ಸಾಲು ತೆಂಗಿನ ಮರ, ಅದರ ಹಿಂದೆ ಅಗಲದ ಮರಳು. ಫೋಟೋಗ್ರಾಫರ್‌ಗೆ ತೀರ ತೆಗೆಯೋ ಉದ್ದೇಶವೇ ಇರಲಿಲ್ಲ, ಅದು ಹಿಂದೆ ಸುಮ್ಮನೆ ಬಿದ್ದಿತ್ತು. ಆ ಮನೆಯವರ ಹತ್ರ ಇರೋದು ಅದೊಂದೇ. ದಿನಾ ನೋಡೋ ಮರದ ಫೋಟೋ ಯಾರು ತೆಗೀತಾರೆ? ಪರಿಹಾರ, ಗಡಿ, ಸರ್ವೆ ನಂಬರ್ ಅಂತ ಮಾತು ಬಂದಾಗ “ಇಲ್ಲಿ ಇತ್ತು” ಅನ್ನೋದಕ್ಕೆ ಅಮ್ಮನ ಬೆರಳು ಬಿಟ್ರೆ ಬೇರೆ ಸಾಕ್ಷಿ ಇಲ್ಲ.

ಇದನ್ನ ರೂಮಲ್ಲಿ ಹೇಳಿದ್ರೆ ಬರೋ ಮೊದಲ ಉತ್ತರ, “ಗುರು, ಸ್ಯಾಟಲೈಟ್ ಇದೆಯಲ್ಲ, ಗೂಗಲ್ ಅರ್ಥ್ ನೋಡು.” ನೋಡಿದ್ದೀನಿ. ಒಳ್ಳೇ ಸಾಧನವೇ. ಎಲ್ಲರಿಗೂ ಪುಕ್ಕಟೆ ಸಿಗೋ ಉಪಗ್ರಹ ಚಿತ್ರಗಳಲ್ಲಿ ಸೆಂಟಿನೆಲ್-2ರ ಒಂದು ಪಿಕ್ಸೆಲ್ 10 ಮೀಟರ್, ಲ್ಯಾಂಡ್‌ಸ್ಯಾಟ್‌ದು 30 ಮೀಟರ್. ಮರವಂತೆಯ ಬೀಚ್ ಒಂದೆರಡು ಪಿಕ್ಸೆಲ್‌ನಲ್ಲಿ ಮುಗಿದು ಹೋಗತ್ತೆ. ಅದಕ್ಕಿಂತ ದೊಡ್ಡ ತೊಂದರೆ ಮೋಡ. ಕರಾವಳಿಯಲ್ಲಿ ವರ್ಷದ ಮಳೆಯ ಬಹುಪಾಲು ಬೀಳೋದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆ ನಾಲ್ಕು ತಿಂಗಳು ಮೇಲಿಂದ ನೋಡಿದ್ರೆ ಬಿಳಿ ಹತ್ತಿ ಬಿಟ್ಟು ಏನೂ ಕಾಣಲ್ಲ. ಮರಳು ಎಲ್ಲಕ್ಕಿಂತ ಜಾಸ್ತಿ ಓಡಾಡೋ ತಿಂಗಳುಗಳಲ್ಲೇ ಮೇಲಿನ ಕಣ್ಣು ಮುಚ್ಚಿರತ್ತೆ. ಮೋಡದ ಕೆಳಗೆ ಕೊಡೆ ಹಿಡಿದು ನಿಲ್ಲೋಕೆ ಆಗೋದು ಮನುಷ್ಯರಿಗೆ ಮಾತ್ರ, ಪಾಲಿಥೀನ್ ಕವರಲ್ಲಿ ಸುತ್ತಿದ ಫೋನ್ ಹಿಡಿದು.

ಇದು ನನ್ನ ಹೊಸ ಐಡಿಯಾನೂ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 2017ರಲ್ಲಿ ಕೋಸ್ಟ್‌ಸ್ನ್ಯಾಪ್ ಅಂತ ಒಂದು ಕೆಲಸ ಶುರು ಮಾಡಿದ್ರು. ಬೀಚ್ ಕಾಣೋ ಜಾಗದಲ್ಲಿ ಒಂದು ಕಂಬ, ಕಂಬದ ಮೇಲೆ ಫೋನ್ ಇಡೋಕೆ ಒಂದು ಸ್ಟೀಲ್ ತೊಟ್ಟಿಲು. ಅಷ್ಟೇ. ವಾಕಿಂಗ್ ಬಂದವರು, ಪ್ರವಾಸಿಗಳು, ಯಾರಾದ್ರೂ ಸರಿ, ಫೋನ್ ಅದರಲ್ಲಿಟ್ಟು ಒಂದು ಫೋಟೋ ತೆಗೆದು ಕಳಿಸಬೇಕು. ಎಲ್ಲ ಫೋಟೋನೂ ಒಂದೇ ಜಾಗ, ಒಂದೇ ದಿಕ್ಕಿನಿಂದ ಬರೋದ್ರಿಂದ ನೀರಿನ ಅಂಚು ಎಲ್ಲಿದೆ ಅಂತ ಅಳೆಯಬಹುದು. ಈಗ ಅಂಥ ಕಂಬಗಳು ಬೇರೆ ಬೇರೆ ದೇಶಗಳಲ್ಲೂ ಇವೆ. ಇದರಲ್ಲಿ ನಮ್ಮ ಮೆಕ್ಯಾನಿಕಲ್ ವರ್ಕ್‌ಶಾಪಲ್ಲಿ ಮಾಡೋಕಾಗದ್ದು ಏನಿದೆ? ಒಂದು ಪೈಪ್, ಒಂದು ಎಲ್ ಆಕಾರದ ಪಟ್ಟಿ, ನಾಲ್ಕು ಬೋಲ್ಟ್. ಉಪ್ಪು ಗಾಳಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಹಾಕಬೇಕು, ಆರು ತಿಂಗಳಿಗೆ ಯಾರಾದ್ರೂ ಕಿತ್ತುಕೊಂಡು ಹೋಗದ ಹಾಗೆ ಕಾಂಕ್ರೀಟಲ್ಲಿ ಕೂರಿಸಬೇಕು. ಎರಡನೇದೇ ಕಷ್ಟ.

ಕಂಬ ಬರೋವರೆಗೂ ಕಾಯಬೇಕಿಲ್ಲ. ಕದಲದ ವಸ್ತು ಎರಡು ಹುಡುಕಿ, ಒಂದರ ಹಿಂದೆ ಒಂದು ಸರಿಯಾಗಿ ಕೂರೋ ಹಾಗೆ ನಿಲ್ಲಿ. ಸೇತುವೆ ಕಂಬ, ಮೈಲಿಗಲ್ಲು, ದೇವಸ್ಥಾನದ ಗೋಪುರ, ಏನಾದ್ರೂ. ಮುಂದಿನ ತಿಂಗಳು ಅವೆರಡೂ ಹಾಗೇ ಕೂತಾಗ ನೀವು ಅದೇ ಜಾಗದಲ್ಲಿದ್ದೀರಿ ಅಂತ ಅರ್ಥ. ಹೋದ ತಿಂಗಳ ಫೋಟೋ ಫೋನಲ್ಲಿ ತೆರೆದಿಟ್ಟುಕೊಳ್ಳಿ. ಜೂಮ್ ಬದಲಾಯಿಸಬೇಡಿ. ಮತ್ತೆ ಹೋಗೋ ಮುಂಚೆ ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ, ಇದನ್ನ ಯಾರೂ ನೋಡಲ್ಲ. ನಮ್ಮ ತೀರದಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದು ಮೀಟರ್ ಆಸುಪಾಸು ವ್ಯತ್ಯಾಸ ಇರತ್ತೆ, ಕೆಲವು ದಿನ ಇನ್ನೂ ಜಾಸ್ತಿ. ಬೀಚಿನ ಇಳಿಜಾರು ಇಪ್ಪತ್ತಕ್ಕೆ ಒಂದು ಅಂತ ಇಟ್ಕೊಂಡ್ರೆ, ನೀರು ಒಂದು ಮೀಟರ್ ಏರಿದಾಗ ಅದರ ಅಂಚು ಇಪ್ಪತ್ತು ಮೀಟರ್ ಒಳಗೆ ಬರತ್ತೆ. ಬೆಳಗ್ಗೆ ಹತ್ತಕ್ಕೆ ತೆಗೆದ ಫೋಟೋಗೂ ಸಂಜೆ ನಾಲ್ಕಕ್ಕೆ ತೆಗೆದ ಫೋಟೋಗೂ ಇಪ್ಪತ್ತು ಮೀಟರ್ ಬೀಚ್ ವ್ಯತ್ಯಾಸ! ಕೊರೆತ ಅಂತ ಸುದ್ದಿ ಮಾಡೋಕೆ ಅಷ್ಟು ಸಾಕು.

ಎಡಿಟಿಂಗ್ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಇಷ್ಟ ಆಗಲ್ಲ. ನಿಮ್ಮ ರೀಲ್‌ಗೆ ನೀವು ಯಾವ ಫಿಲ್ಟರ್ ಬೇಕಾದ್ರೂ ಹಾಕಿ. ಆದ್ರೆ ಈಗ ಫೋನುಗಳೇ ಆಕಾಶ ಬದಲಾಯಿಸತ್ತವೆ. ಬೂದು ಬಣ್ಣದ ಜುಲೈ ಆಕಾಶ ತೆಗೆದು ಒತ್ತಿದ್ರೆ ಗುಲಾಬಿ ಮೋಡ. ಕಾಲೇಜು ಫೆಸ್ಟ್‌ಗಳ ಫೋಟೋ ಸ್ಪರ್ಧೆಗಳಲ್ಲಿ “ಮಳೆಗಾಲ” ಅನ್ನೋ ವಿಷಯಕ್ಕೆ ಇಂಥದ್ದೇ ಬಹುಮಾನ ತಗೊಳ್ಳೋದು ನೋಡಿದ್ದೀನಿ, ಕಡಲು ಜುಲೈದು, ಆಕಾಶ ಜನವರಿದು. ನೋಡೋಕೆ ಚೆನ್ನಾಗೇ ಇರತ್ತೆ. ಹತ್ತು ವರ್ಷದ ಮೇಲೆ ಅದನ್ನ ನೋಡಿದವನಿಗೆ ಆ ದಿನ ಆಕಾಶ ಹೇಗಿತ್ತು ಅನ್ನೋದು ಎಂದಿಗೂ ಗೊತ್ತಾಗಲ್ಲ. ಎಡಿಟ್ ಮಾಡೋ ಮುಂಚೆ ಮೂಲ ಫೈಲ್ ಬೇರೆ ಇಟ್ಟುಕೊಳ್ಳಿ, ಇಷ್ಟೇ ನನ್ನ ಬೇಡಿಕೆ. ಫೋಟೋ ಹಂಚಿಕೊಳ್ಳುವಾಗ ವಾಟ್ಸಾಪಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ. ಸುಮ್ಮನೆ ಫೋಟೋ ಅಂತ ಕಳಿಸಿದ್ರೆ ಅದು ಹಿಂಡಿ ಸಣ್ಣದು ಮಾಡಿ, ಒಳಗಿರೋ ದಿನಾಂಕ, ಸಮಯ, ಜಾಗದ ಮಾಹಿತಿನೂ ಅಳಿಸಿ ಹಾಕತ್ತೆ. ದಿನಾಂಕ ಇಲ್ಲದ ಫೋಟೋ ನಮ್ಮ ಕೆಲಸಕ್ಕೆ ಬರಲ್ಲ.

“ಹನ್ನೆರಡು ತಿಂಗಳು ಒಂದೇ ಫೋಟೋ ತೆಗೆದ್ರೆ ಬೋರ್ ಆಗಲ್ವಾ? ಕ್ರಿಯೇಟಿವಿಟಿ ಎಲ್ಲಿ?” ಅಂತ ಫೋಟೋಗ್ರಫಿ ಕ್ಲಬ್‌ನವನೊಬ್ಬ ಕೇಳಿದ. ಬೋರ್ ಆಗತ್ತೆ. ಫೆಬ್ರವರಿಯಲ್ಲಂತೂ ಏನೂ ಬದಲಾಗಿಲ್ಲ ಅನ್ನಿಸತ್ತೆ. ಆದ್ರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದಾಗ ಫೋಟೋ ತೆಗೆದು ಮುಗಿದ ಮೇಲಿನ ಹೊತ್ತು ಪೂರ್ತಿ ನಮ್ಮದು. ಆಗ ಬೇರೆಯದೆಲ್ಲ ಕಾಣತ್ತೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆ ಸಮಯದಲ್ಲಿ ಗಂಗೊಳ್ಳಿ ಬಂದರಲ್ಲಿ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರತ್ತವೆ, ಕಡಲಲ್ಲಿ ಅವಕಾಶ ಸಿಕ್ಕಾಗ ನಾಡದೋಣಿಗಳು ಮಾತ್ರ. ಕರ್ಕಾಟಕ ಅಮಾವಾಸ್ಯೆಗೆ ಮರವಂತೆಯ ವರಾಹ ಮಹಾರಾಜಸ್ವಾಮಿ ದೇವಸ್ಥಾನದಲ್ಲಿ ಜಾತ್ರೆ. ಮಳೆ ಸುರೀತಿರುವಾಗಲೇ ಜನ ಕಡಲಲ್ಲೂ ಹೊಳೆಯಲ್ಲೂ ಮಿಂದು ಬರ್ತಾರೆ. ಮಳೆಗಾಲದ ನಟ್ಟನಡುವೆ ಕಡಲ ದಡದಲ್ಲಿ ಜಾತ್ರೆ ಅನ್ನೋದನ್ನ ನೋಡದೇ ನಾಲ್ಕು ವರ್ಷ ಇಲ್ಲಿದ್ದು ಡಿಗ್ರಿ ತಗೊಂಡು ಹೋಗೋರು ನಮ್ಮಲ್ಲಿ ಎಷ್ಟೋ ಜನ. ನವೆಂಬರ್‌ನಲ್ಲಿ ಒಂದ್ಸಲ ಕೊಡಚಾದ್ರಿ ಮೇಲೂ ಹೋಗಿ ಬನ್ನಿ. ಸರ್ವಜ್ಞ ಪೀಠದ ಹತ್ರ ನಿಂತ್ರೆ, ಗಾಳಿ ತಿಳಿಯಾಗಿದ್ದ ದಿನ, ಪಶ್ಚಿಮಕ್ಕೆ ಕಡಲು ಕಾಣತ್ತೆ. ನಾವು ಇಲ್ಲಿಂದ 120 ಪಿಕ್ಸೆಲ್ ಮಾಡಿದ ಬೆಟ್ಟದ ಮೇಲಿಂದ ನಮ್ಮ ಬೀಚ್ ಒಂದು ಪಿಕ್ಸೆಲ್ ಕೂಡ ಅಲ್ಲ.

ಎಚ್ಚರಿಕೆಯ ಮಾತು ಎರಡು. ಮಳೆಗಾಲದಲ್ಲಿ ಮರಳಿಗೆ ಇಳಿಯಬೇಡಿ, ತಡೆಗೋಡೆಯ ಒದ್ದೆ ಕಲ್ಲು ಹತ್ತಲೇಬೇಡಿ. ಈ ಕೆಲಸಕ್ಕೆ ರಸ್ತೆ ಬದಿ ಸಾಕು, ಅದೂ ಹೆದ್ದಾರಿ, ಲಾರಿಗಳು ನಮ್ಮ ಫ್ರೇಮ್ ನೋಡಿಕೊಂಡು ನಿಲ್ಲಲ್ಲ. ಚಳಿಗಾಲದ ರಾತ್ರಿ ಬೀಚಿಗೆ ಹೋದ್ರೆ ಫ್ಲ್ಯಾಶ್ ಬೇಡ. ಕುಂದಾಪುರ ಕಡೆಯ ಈ ತೀರಕ್ಕೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡೋಕೆ ಬರತ್ತವೆ, ಬೆಳಕು ಕಂಡ್ರೆ ದಾರಿ ತಪ್ಪತ್ತವೆ.

ಒಬ್ಬನ ಕೈಲಿ ಆಗೋ ಕೆಲಸ ಇದಲ್ಲ ಅಂತ ಲೆಕ್ಕವೇ ಹೇಳತ್ತೆ. ನಾನು ಫೈನಲ್ ಇಯರ್ ಮುಗಿಸೋ ಹೊತ್ತಿಗೆ ನನ್ನ ಹತ್ರ ನಾಲ್ಕು ಸೆಪ್ಟೆಂಬರ್ ಇರತ್ತೆ. ಆಮೇಲೆ ಪ್ಲೇಸ್‌ಮೆಂಟ್ ಆದ್ರೆ ಬೆಂಗಳೂರು, ಆಗದಿದ್ರೂ ಬೆಂಗಳೂರು. ಐದನೇ ಸೆಪ್ಟೆಂಬರ್ ತೆಗೆಯೋಕೆ ಈಗ ಫಸ್ಟ್ ಇಯರ್‌ನಲ್ಲಿರೋ ಯಾರಾದ್ರೂ ಬೇಕು, ಒಂಬತ್ತನೇದಕ್ಕೆ ಈಗ ಹೈಸ್ಕೂಲಲ್ಲಿರೋ ಯಾರೋ. ಕನ್ನಡ ಸಂಘ ಪ್ರತಿ ವರ್ಷ ರಾಜ್ಯೋತ್ಸವಕ್ಕೆ ಧ್ವಜ, ಡಿಜೆ, ಬೈಕ್ ರ‍್ಯಾಲಿ ಅಂತ ಮಾಡತ್ತೆ, ನಾನೂ ಕುಣಿತೀನಿ. ಅದರ ಜೊತೆ ಇದೊಂದು ಹೊಣೆ ಸಂಘ ತಗೋಬೇಕು ಅನ್ನೋದು ನನ್ನ ಒತ್ತಾಯ. ಒಂದು ಹಾರ್ಡ್ ಡಿಸ್ಕ್, ತಿಂಗಳಿಗೆ ಇಬ್ಬರ ಡ್ಯೂಟಿ, ಪ್ರತಿ ಫೋಟೋಗೆ ದಿನಾಂಕ, ಸಮಯ, ಉಬ್ಬರವೋ ಇಳಿತವೋ ಅನ್ನೋ ಒಂದು ಸಾಲು. ಸೀನಿಯರ್‌ಗಳು ಜೂನಿಯರ್‌ಗಳಿಗೆ ಲ್ಯಾಬ್ ರೆಕಾರ್ಡ್ ದಾಟಿಸೋ ಹಾಗೆ ಇದನ್ನೂ ದಾಟಿಸಬಹುದು. ಊರಿನವರ ಹಳೇ ಆಲ್ಬಮ್‌ಗಳಿಂದ, ಅವರ ಒಪ್ಪಿಗೆ ತಗೊಂಡು, ಹಿಂದೆ ಬಿದ್ದಿರೋ ತೀರದ ಭಾಗಗಳನ್ನೂ ಸ್ಕ್ಯಾನ್ ಮಾಡಬಹುದು. ಅಮ್ಮ ಆಗಲೇ ಹೂಂ ಅಂದಿದ್ದಾರೆ, ಪಕ್ಕದ ಮನೆಯವರನ್ನೂ ಕೇಳ್ತೀನಿ ಅಂದಿದ್ದಾರೆ.

ಕಂಬ ನಿಲ್ಲಿಸೋಕೆ ಗ್ರಾಮ ಪಂಚಾಯತಿಗೆ ಬರೆಯೋ ಅರ್ಜಿಯ ಕರಡು ನನ್ನ ಹತ್ರ ಇದೆ, ಕನ್ನಡ ತಿದ್ದಿಕೊಡೋರು ಒಬ್ಬರು ಬೇಕು. ವೆಲ್ಡಿಂಗ್ ಬರೋರು ಇಬ್ಬರು ಬೇಕು. ಮುಂದಿನ ಸಲ ನಾನು ಹೋಗ್ತಿರೋದು ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಎರಡರ ಬಸ್ಸು, ಕುಂದಾಪುರದಲ್ಲಿ ಇಳಿದು ಬೈಂದೂರು ಬಸ್ ಹತ್ತಬೇಕು, ತ್ರಾಸಿ ದಾಟಿದ ಕೂಡಲೇ ಬಾಗಿಲ ಹತ್ರ ಬಂದು ನಿಂತ್ಕೊಳ್ಳಿ. ನಾಲ್ಕೂವರೆಗೆ ಬೆಟ್ಟದ ಮೇಲೆ ಬೆಳಕು ಬೀಳತ್ತೆ. ಟೀ ನನ್ನ ಖರ್ಚು, ಗೋಳಿಬಜೆ ನಿಮ್ಮದು.